ನೀರಗಂಟಿಯ ಕೂಲಿ: ಬಯಲುಸೀಮೆಯಲ್ಲಿ ನಿಸರ್ಗ ರಕ್ಷಣೆಯ ಅರ್ಥಶಾಸ್ತ್ರ



ನಿಸರ್ಗವನ್ನು ಕಾಯಲು ಖರ್ಚು ತಗಲುತ್ತದೆ. ಆ ಖರ್ಚು ಯಾರದು? ಯಾರ ಲಾಭದಿಂದ ಅದು ಬರಬೇಕು? ಬಾರದೆ ಹೋದಾಗ ಕೊನೆಗೆ ತೆರುವವರು ಯಾರು? ಈ ಪ್ರಶ್ನೆಗಳನ್ನು ತಮ್ಮ ಮುಂದಿಡಬೇಕೆಂದು ಬಯಸಿದ್ದೇನೆ. ಪರಿಸರದ ಬಗ್ಗೆ ನಮ್ಮಲ್ಲಿ ಭಕ್ತಿಯ ಮಾತಿಗೆ ಕೊರತೆಯಿಲ್ಲ, ಕಾಯಿದೆಗಳಿಗೂ ಕೊರತೆಯಿಲ್ಲ. ಹಣದ ಮಾತು ಬಂದಾಗ ಮಾತ್ರ ಹಿಂಜರಿಯುತ್ತೇವೆ. ಕೆರೆ, ಬೆಟ್ಟ, ಅಂತರ್ಜಲಗಳನ್ನು ರೂಪಾಯಿಯಲ್ಲಿ ಅಳೆದರೆ ಅವುಗಳ ಘನತೆ ಕುಗ್ಗೀತೆಂಬ ಅಳುಕು ನಮಗೆ. ನನ್ನ ತಿಳಿವಳಿಕೆ ಬೇರೆ. ಯಾರ ಲೆಕ್ಕಕ್ಕೂ ಬಾರದೆ ಉಳಿದುದರಿಂದಲೇ ಅವು ಕೋಲಾರ–ಚಿಕ್ಕಬಳ್ಳಾಪುರದ ಈ ಬಯಲುಸೀಮೆಯಲ್ಲಿ ಮೊದಲು ಕರಗಿದವು.

ಇದೇ ಸೀಮೆಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಾಡು ಅಣೆಕಟ್ಟುಗಳ ಮೂಲಕ ನೆನೆಯುತ್ತದೆ. ಅವರ ಇನ್ನೊಂದು ಕೆಲಸ ಇಂದಿನ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಮುಂಬಯಿ ಪ್ರಾಂತದ ನೀರಾವರಿ ಇಲಾಖೆಯಲ್ಲಿದ್ದಾಗ ಅವರು ನೀರಾ ನಾಲೆಯ ಪರಿಸ್ಥಿತಿಯನ್ನು ಪರಿಶೀಲಿಸಿದರು. ನಾಲೆಯ ತಲೆಭಾಗದ ರೈತರು ಕಬ್ಬಿಗೆ ಮನಸ್ವಿ ನೀರು ಹಾಯಿಸಿಕೊಳ್ಳುತ್ತಿದ್ದರು. ಅವರ ಭೂಮಿ ಜೌಗು ಹಿಡಿಯುತ್ತಿತ್ತು, ಕೆಳಗಿನ ಹಳ್ಳಿಗಳಿಗೆ ನೀರು ಮುಟ್ಟುತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ವೇಳೆಗೆ ಅವರು ಸೂಚಿಸಿದ ಬ್ಲಾಕ್ ಪದ್ಧತಿ ಈ ಅವ್ಯವಸ್ಥೆಗೆ ಕೊಟ್ಟ ಉತ್ತರ. ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚಬೇಕು, ಪ್ರತಿ ಬ್ಲಾಕಿನಲ್ಲಿ ಕಬ್ಬಿನಂಥ ಬೆಳೆಗೆ ಒಂದು ಪಾಲು ಭೂಮಿ ಮಾತ್ರ ಇರಬೇಕು, ಉಳಿದದ್ದರಲ್ಲಿ ಹಂಗಾಮಿನ ಬೆಳೆ, ವರ್ಷ ಬಿಟ್ಟು ವರ್ಷ ಬೆಳೆಯ ಬದಲಾವಣೆ, ಪ್ರತಿಯಾಗಿ ರೈತನಿಗೆ ನಿಶ್ಚಿತವಾದ ನೀರಿನ ಭರವಸೆ. ಇದರ ಹಿಂದಿರುವ ತತ್ತ್ವವನ್ನು ಗಮನಿಸಬೇಕು. ಮೊದಲು ಇರುವ ನೀರಿನ ಅಳತೆ, ಆಮೇಲೆ ಬೆಳೆಯ ಆಯ್ಕೆ. ಅವರ ಹುಟ್ಟೂರಿನ ಸುತ್ತ ಕಳೆದ ಐವತ್ತು ವರ್ಷಗಳಲ್ಲಿ ನಾವು ಮಾಡಿದ್ದು ಇದಕ್ಕೆ ತಿರುಗುಮುರುಗು. ಮಾರುಕಟ್ಟೆ ನೋಡಿ ಬೆಳೆಯನ್ನು ಆರಿಸಿಕೊಂಡೆವು, ಆಮೇಲೆ ಅದಕ್ಕೆ ಬೇಕಾದ ನೀರನ್ನು ಹುಡುಕುತ್ತ ಭೂಮಿಯೊಳಕ್ಕೆ ಇಳಿದೆವು.

ಈ ಭೂಮಿಯ ಸ್ವಭಾವವೇನು? ನಂದಿ ಬೆಟ್ಟಗಳ ಸಾಲು ಮತ್ತು ಅದರ ಮಗ್ಗುಲಿನ ಎತ್ತರದ ನೆಲ ಹಲವು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ಅರ್ಕಾವತಿ ಎಲ್ಲವೂ ಈ ಆಸುಪಾಸಿನಲ್ಲಿ ಹುಟ್ಟಿ ದಿಕ್ಕಿಗೊಂದಾಗಿ ಹೊರಟುಹೋಗುತ್ತವೆ. ಹುಟ್ಟುವ ಜಾಗದಲ್ಲಿ ನದಿಗೆ ಮೈ ಇರುವುದಿಲ್ಲ. ಆದ್ದರಿಂದ ನಮ್ಮ ಪಾಲಿಗೆ ಬರುವುದು ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಮತ್ತು ಅದನ್ನು ಹಿಡಿದಿಡುವ ನಮ್ಮ ಯೋಗ್ಯತೆ. ಕೆಳಗೆ ಗಟ್ಟಿ ಕಲ್ಲು. ಅದರ ಬಿರುಕುಗಳಲ್ಲಿ ನಿಂತಷ್ಟೇ ಅಂತರ್ಜಲ. 1892ರಲ್ಲಿ ಮದ್ರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಆದ ಒಪ್ಪಂದ ಈ ನದಿಗಳಲ್ಲಿ ಬಹುಪಾಲನ್ನು ಹೆಸರಿಸಿ, ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟದಂತೆ ನಿರ್ಬಂಧ ಹೇರಿತು. ದೊಡ್ಡ ನಾಲೆಯ ದಾರಿ ಹೀಗೆ ಪ್ರಕೃತಿಯಿಂದಲೂ ರಾಜಕಾರಣದಿಂದಲೂ ಮುಚ್ಚಿತ್ತು. ಉಳಿದದ್ದು ಕೆರೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದರ ಕೋಡಿ ಇನ್ನೊಂದರ ಒಡಲಿಗೆ ಸೇರುವ ಸರಪಳಿಗಳಲ್ಲಿ ಅವುಗಳನ್ನು ಕಟ್ಟಲಾಗಿತ್ತು.

ಕೆರೆ ಕಟ್ಟಿದವರ ಪುಣ್ಯದ ಬಗ್ಗೆ ನಾವು ಬಹಳ ಕೇಳಿದ್ದೇವೆ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಕೆರೆಯನ್ನು ಕಾಯುವ ಏರ್ಪಾಡು. ಬಿ. ಎಲ್. ರೈಸ್ ಸಂಪಾದಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ಕಟ್ಟುಕೊಡಗೆ, ಬಿತ್ತುವಟ್ಟ ಮೊದಲಾದ ದತ್ತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಕೆರೆ ಕಟ್ಟಿಸಿದವನಿಗೆ, ಏರಿ ರಿಪೇರಿ ಮಾಡುವವನಿಗೆ, ಹೂಳು ಹೊರುವ ಬಂಡಿಗೆ ಅದೇ ಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆಯನ್ನೋ ಫಸಲಿನಲ್ಲಿ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ತೂಬು ತೆರೆದು ಸರದಿಯಂತೆ ನೀರು ಬಿಡುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ದವಸ. ಕೆರೆ ತುಂಬಿದರೆ ಇವರೆಲ್ಲರ ಮನೆ ತುಂಬುತ್ತಿತ್ತು. ಏರಿ ಒಡೆದರೆ ಮೊದಲು ಬಡವಾಗುತ್ತಿದ್ದವರೂ ಇವರೇ. ರಕ್ಷಣೆಯ ಖರ್ಚು ಬಳಕೆಯ ಲಾಭದೊಳಗೇ ಹುದುಗಿತ್ತು. ಹೊರಗಿನ ಅನುದಾನಕ್ಕೆ ಕಾಯುವ ಪ್ರಮೇಯ ಕಡಿಮೆ.

ಆ ಕಾಲವನ್ನು ನಾನು ಚಿನ್ನದ ಕಾಲವೆಂದು ಹೇಳುತ್ತಿಲ್ಲ. ಅದು ಜಾತಿಯ ಮೇಲೆ ನಿಂತ ವ್ಯವಸ್ಥೆ. ನೀರು ಬಿಡುವ ದುಡಿಮೆ ಅನೇಕ ಊರುಗಳಲ್ಲಿ ದಲಿತ ಕುಟುಂಬಗಳ ಪಾಲಿಗೆ ಹುಟ್ಟಿನಿಂದ ಅಂಟಿಕೊಂಡಿತ್ತು. ನೀರು ಹಂಚುವವನಿಗೆ ಆ ನೀರಿನ ಮೇಲೆ ಸಮಾನ ಹಕ್ಕಿರಲಿಲ್ಲ. ಇನಾಂ ರದ್ದಿಯಾತಿ ಕಾನೂನುಗಳೂ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯೂ ಬಂದದ್ದು ಸರಿ, ಬರಲೇಬೇಕಿತ್ತು. ವಂಶಪಾರಂಪರ್ಯದ ಚಾಕರಿ ಹೋಗಿ ಭೂಮಿ ಆ ಕುಟುಂಬಗಳ ಹೆಸರಿಗೆ ಬರುವುದಕ್ಕೆ ದಾರಿಯಾಯಿತು. ಆದರೆ ಹುದ್ದೆ ಹೋದ ಮೇಲೆ ಆ ಕೆಲಸ ಯಾರದು ಎಂದು ಪ್ರಭುತ್ವ ಕೇಳಲಿಲ್ಲ. ಕೆರೆಗಳು ಅಚ್ಚುಕಟ್ಟಿನ ವಿಸ್ತಾರಕ್ಕೆ ತಕ್ಕಂತೆ ಇಲಾಖೆಗಳ ಪಟ್ಟಿಗೆ ಸೇರಿದವು, ಏರಿಯ ರಿಪೇರಿ ಟೆಂಡರಿಗೆ ಹೋಯಿತು, ತೂಬಿನ ಬಳಿ ನಿಲ್ಲುವ ಮನುಷ್ಯನಿಗೆ ಸಂಬಳದ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಒಂದು ಅನ್ಯಾಯವನ್ನು ತೆಗೆದು ಹಾಕುವಾಗ ಅದರ ಜೊತೆಗಿದ್ದ ಒಂದು ಉಪಯುಕ್ತ ಸಂಬಂಧವನ್ನೂ ಕಿತ್ತುಬಿಟ್ಟೆವು. ಈ ಸೀಮೆಯ ಪರಿಸರದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ.

ತೆರವಾದ ಆ ಜಾಗಕ್ಕೆ ಬಂದದ್ದು ಕೊಳವೆಬಾವಿ. ಕೆರೆಯ ನೀರು ಊರಿನದು, ಬೋರಿನ ನೀರು ಪಹಣಿಯಲ್ಲಿ ಹೆಸರಿರುವವನದು. 1882ರ ಅನುಭೋಗದ ಹಕ್ಕುಗಳ ಕಾಯಿದೆಯ ಕಾಲದಿಂದ ನೆಲದ ಒಡೆಯನಿಗೇ ಅದರಡಿಯ ನೀರನ್ನು ತೆಗೆಯುವ ಹಕ್ಕೆಂದು ಒಪ್ಪಿಕೊಂಡು ಬಂದಿದ್ದೇವೆ. ಆದರೆ ಕಲ್ಲಿನ ಬಿರುಕು ಸರ್ವೆ ನಂಬರ್ ನೋಡಿ ಹರಿಯುವುದಿಲ್ಲ. ಒಬ್ಬ ರೈತ ಸಾವಿರ ಅಡಿ ಕೊರೆಸಿದರೆ ಪಕ್ಕದ ಹೊಲದ ಆರುನೂರು ಅಡಿಯ ಬಾವಿ ಬತ್ತುತ್ತದೆ. ಪಕ್ಕದವನು ಸಾವಿರದ ಇನ್ನೂರಕ್ಕೆ ಇಳಿಯುತ್ತಾನೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು, ವಿಶೇಷವಾಗಿ ಎಂ. ಜಿ. ಚಂದ್ರಕಾಂತ್ ಮತ್ತು ಅವರ ಸಹೋದ್ಯೋಗಿಗಳು, ಗಟ್ಟಿ ಕಲ್ಲಿನ ಪ್ರದೇಶಗಳ ಈ ನಷ್ಟವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರ ವಾದದ ತಿರುಳು ಸರಳ. ವಿಫಲವಾದ ಬೋರುಗಳಿಗೆ ಸುರಿದ ಹಣವನ್ನು ನೀರು ಕೊಟ್ಟ ಬೋರಿನ ಆಯುಷ್ಯಕ್ಕೆ ಹಂಚಿ ನೋಡಿದರೆ, ರೈತನಿಗೆ ನೀರು ಉಚಿತವಲ್ಲ. ಅದು ಅವನ ಅತಿ ದುಬಾರಿ ಸಾಮಗ್ರಿಗಳಲ್ಲೊಂದು. ಬೆಲೆ ಇದೆ, ಆದರೆ ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬಡ್ಡಿಯ ಸಾಲದ ರೂಪದಲ್ಲಿ ಅದು ಮನೆಯೊಳಕ್ಕೆ ಬರುತ್ತದೆ.

ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತ. ಇದನ್ನು ಹೀಯಾಳಿಸುವವರ ಜೊತೆ ನಾನು ದನಿಗೂಡಿಸಲಾರೆ. ನಾಲೆಯ ಸೀಮೆಯ ರೈತ ಸಾರ್ವಜನಿಕ ಹಣದಲ್ಲಿ ಕಟ್ಟಿದ ಜಲಾಶಯದಿಂದ ಅತ್ಯಲ್ಪ ಕರಕ್ಕೆ ನೀರು ಪಡೆಯುವಾಗ, ಬಯಲುಸೀಮೆಯ ರೈತ ತನ್ನ ನೀರಾವರಿಯನ್ನು ತಾನೇ ಸಾಲ ಮಾಡಿ ಕಟ್ಟಿಕೊಂಡಿದ್ದಾನೆ. ಅವನಿಗೂ ಸಾರ್ವಜನಿಕ ನೆರವು ಸಲ್ಲಬೇಕು. ಪ್ರಶ್ನೆ ನೆರವಿನ ರೂಪದ್ದು. ಹೆಚ್ಚು ನೀರೆತ್ತಿದವನಿಗೆ ಹೆಚ್ಚು, ಬೋರು ಬತ್ತಿದವನಿಗೆ ಏನೂ ಇಲ್ಲ, ಮಳೆಯಾಶ್ರಯದ ರಾಗಿ ಬೆಳೆಯುವವನಿಗೆ ಏನೇನೂ ಇಲ್ಲ ಎಂಬ ನೆರವು ನ್ಯಾಯವೂ ಅಲ್ಲ, ಮಿತವ್ಯಯವೂ ಅಲ್ಲ. ವರ್ಷದಲ್ಲಿ ಮರುಪೂರಣವಾಗುವುದಕ್ಕಿಂತ ಹೆಚ್ಚು ನೀರೆತ್ತುವ ತಾಲ್ಲೂಕನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ತಾಲ್ಲೂಕೆಂದು ಗುರುತಿಸುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಬಹುಕಾಲದಿಂದ ಆ ಪಟ್ಟಿಯಲ್ಲಿವೆ. ಆಳಕ್ಕೆ ಇಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಕಾಟ ಹೆಚ್ಚಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಹಲವು ಹಳ್ಳಿಗಳು ದಾಟಿದವು. ಬೋರು ಕೊರೆಸುವ ಶಕ್ತಿಯೇ ಇಲ್ಲದ, ಒಂದು ಗುಂಟೆ ನೀರಾವರಿಯನ್ನೂ ಅನುಭವಿಸದ ಕುಟುಂಬದ ಮಗು ಹಲ್ಲಿನಲ್ಲಿ, ಮೂಳೆಯಲ್ಲಿ ಅದರ ಸುಂಕ ತೆರುತ್ತದೆ. ಬಾರದೆ ಹೋದ ಖರ್ಚನ್ನು ಕೊನೆಗೆ ಹೊರುವವರು ಯಾರೆಂದು ಕೇಳಿದ್ದೆ. ಈ ಮಕ್ಕಳು.

ಅಂತರ್ಜಲದ ನಿಯಂತ್ರಣಕ್ಕಾಗಿ ಕರ್ನಾಟಕ 2011ರಲ್ಲಿ ಕಾಯಿದೆ ಮಾಡಿತು. ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರು ಕೊರೆಸಲು ಅನುಮತಿ ಬೇಕು. ನಿಯಂತ್ರಣದ ಇನ್ನೊಂದು ಕಥೆ ನೀಲಗಿರಿ ಮರದ್ದು; ಅದರ ಆರಂಭ ಇದಕ್ಕೂ ಹಿಂದಿನದು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ ಸೀಮೆಯ ರಾಗಿ ಹೊಲಗಳು ನೀಲಗಿರಿ ತೋಪುಗಳಾದದ್ದು 1980ರ ದಶಕದ ದೊಡ್ಡ ವಿವಾದ. ಆಳಿನ ಖರ್ಚಿಲ್ಲ, ದನ ಮೇಯುವುದಿಲ್ಲ, ಕಾರ್ಖಾನೆ ಕೊಳ್ಳುತ್ತದೆ. ಊರು ಬಿಟ್ಟು ನಗರದಲ್ಲಿರುವ ಹಿಡುವಳಿದಾರನಿಗೆ ಇದಕ್ಕಿಂತ ಅನುಕೂಲದ ಬೆಳೆಯಿಲ್ಲ. ರಾಗಿ ಕೊಯ್ಯುವ ಕೂಲಿ, ಸೊಪ್ಪು, ಮೇವು, ಮಣ್ಣಿನ ತೇವ ಕಳೆದುಕೊಂಡವರು ಬೇರೆ. ಹೊಸದಾಗಿ ನೀಲಗಿರಿ ನೆಡಬಾರದೆಂಬ ಸರ್ಕಾರಿ ಆದೇಶ 2017ರಲ್ಲಿ ಬಂತು, ಮೂರು ದಶಕಗಳ ನಂತರ. ನಿಷೇಧಗಳ ಗತಿ ಸಾಮಾನ್ಯವಾಗಿ ಹೀಗೆಯೇ. ಅವು ತಡವಾಗಿ ಬರುತ್ತವೆ, ಮತ್ತು ಏನು ಮಾಡಬಾರದೆಂದು ಹೇಳುತ್ತವೆಯೇ ಹೊರತು ಕಾಯುವವನ ಕೂಲಿಯ ಪ್ರಸ್ತಾಪ ಮಾಡುವುದಿಲ್ಲ.

ತಂತ್ರಜ್ಞಾನದಿಂದ ಉಳಿತಾಯವಾಗುತ್ತದೆಂಬ ನಂಬಿಕೆಯನ್ನೂ ಸ್ವಲ್ಪ ತಡೆದು ನೋಡಬೇಕು. ಹನಿ ನೀರಾವರಿ ಎಕರೆಗೆ ಬೇಕಾದ ನೀರನ್ನು ನಿಜವಾಗಿಯೂ ಇಳಿಸುತ್ತದೆ. ಸರ್ಕಾರ ಅದಕ್ಕೆ ಧಾರಾಳ ಸಹಾಯಧನ ಕೊಟ್ಟಿದೆ. ಆದರೆ ಉಳಿದ ನೀರು ಭೂಮಿಯೊಳಗೆ ಉಳಿಯುವುದಿಲ್ಲ. ಅದು ಇನ್ನೊಂದು ಎಕರೆಯ ದ್ರಾಕ್ಷಿಗೋ ಟೊಮ್ಯಾಟೊಗೋ ಹೋಗುತ್ತದೆ. ಕಲ್ಲಿದ್ದಲಿನ ವಿಷಯದಲ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಇದನ್ನು ಗುರುತಿಸಿದ್ದ: ಬಳಕೆಯ ದಕ್ಷತೆ ಹೆಚ್ಚಿದಾಗ ಒಟ್ಟು ಬಳಕೆಯೂ ಹೆಚ್ಚಬಹುದು. ಒಟ್ಟು ಮಿತಿಯನ್ನು ಮೊದಲು ಹಾಕಿಕೊಂಡರೆ ಹನಿ ನೀರಾವರಿ ವರ. ಇಲ್ಲದಿದ್ದರೆ ಅದು ಬತ್ತುವಿಕೆಯನ್ನು ಚುರುಕುಗೊಳಿಸುವ ಸಾಧನ.

ಮಿತಿಯನ್ನು ಹಾಕುವವರು ಯಾರು? ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಸಿದ್ಧ ಲೇಖನದ ತರುವಾಯ ಪ್ರಪಂಚದ ಬಹಳ ಮಂದಿ ಪಂಡಿತರು ಎರಡೇ ದಾರಿ ಕಂಡರು. ಸಾಮೂಹಿಕ ಸಂಪತ್ತನ್ನು ಖಾಸಗಿಗೆ ಕೊಡಬೇಕು, ಇಲ್ಲವೇ ಸರ್ಕಾರ ವಹಿಸಿಕೊಳ್ಳಬೇಕು. ನಮ್ಮ ಸೀಮೆ ಎರಡನ್ನೂ ಕಂಡಿತು. ಬೋರು ಖಾಸಗಿಯಾಯಿತು, ಕೆರೆ ಸರ್ಕಾರದ್ದಾಯಿತು, ಎರಡೂ ಬತ್ತಿದವು. 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ನೇಪಾಳದಿಂದ ಸ್ಪೇನಿನವರೆಗೆ ನೀರಾವರಿ ಸಮುದಾಯಗಳನ್ನು ಪರಿಶೀಲಿಸಿ ಮೂರನೆಯ ದಾರಿ ಇದೆಯೆಂದು ತೋರಿಸಿದರು. ಬಳಸುವವರು ಯಾರೆಂಬ ಗಡಿ ಸ್ಪಷ್ಟವಾಗಿರಬೇಕು, ನಿಯಮ ಅವರೇ ಮಾಡಿಕೊಂಡದ್ದಾಗಿರಬೇಕು, ಉಸ್ತುವಾರಿ ನೋಡುವವನು ಅವರಿಗೇ ಉತ್ತರ ಹೇಳುವವನಾಗಿರಬೇಕು. ಪಕ್ಕದ ಅನಂತಪುರ, ಚಿತ್ತೂರು ಜಿಲ್ಲೆಗಳಲ್ಲಿ ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ರೈತರೇ ಮಳೆ ಅಳೆದು, ಬಾವಿಗಳ ನೀರಿನ ಮಟ್ಟ ಅಳೆದು, ಹಿಂಗಾರಿಗೆ ಮುಂಚೆ ಊರಿನ ನೀರಿನ ಆಯವ್ಯಯ ಹಾಕಿ ಬೆಳೆ ನಿರ್ಧರಿಸುವ ಕಾರ್ಯಕ್ರಮ ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವು ಅದಕ್ಕಿತ್ತು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಅಟಲ್ ಭೂಜಲ ಯೋಜನೆಯಲ್ಲಿ ಗ್ರಾಮ ಪಂಚಾಯತಿಯ ನೀರಿನ ಆಯವ್ಯಯವೇ ಕೇಂದ್ರವಾಗಿತ್ತು. ವಿಶ್ವೇಶ್ವರಯ್ಯನವರು ನಾಲೆಗೆ ಹೇಳಿದ್ದನ್ನು ಈ ಕಾರ್ಯಕ್ರಮಗಳು ಬೋರಿಗೆ ಹೇಳಿದವು. ಆದರೆ ಯೋಜನೆಯ ಹಣ ನಿಂತ ದಿನ ಅಳೆಯುವ ಕೆಲಸವೂ ನಿಲ್ಲುವ ಅಪಾಯ ಇಂಥ ಎಲ್ಲ ಪ್ರಯತ್ನಗಳಿಗೂ ಇದೆ. ಮತ್ತೆ ಅದೇ ಕೂಲಿಯ ಪ್ರಶ್ನೆ.

ಇಲ್ಲಿ ನಗರದ ಪಾತ್ರವನ್ನು ತರಬೇಕು. ಚಿಂತಾಮಣಿಯ ಟೊಮ್ಯಾಟೊ, ಚಿಕ್ಕಬಳ್ಳಾಪುರದ ಹೂ ಮತ್ತು ದ್ರಾಕ್ಷಿ, ಶಿಡ್ಲಘಟ್ಟದ ರೇಷ್ಮೆ, ಈ ಎಲ್ಲದರ ರೂಪದಲ್ಲಿ ನಮ್ಮ ಅಂತರ್ಜಲ ದಿನವೂ ಲಾರಿ ಹತ್ತಿ ಹೊರಗೆ ಹೋಗುತ್ತದೆ. ಕೊಳ್ಳುವವರು ತರಕಾರಿಗೆ ಬೆಲೆ ಕೊಡುತ್ತಾರೆ, ಬತ್ತಿದ ಬಾವಿಗೆ ಕೊಡುವುದಿಲ್ಲ. ಬೆಟ್ಟಗಳ ಜಲ್ಲಿಕಲ್ಲೂ ಹಾಗೆಯೇ ಹೋಗುತ್ತದೆ. ಕೆರೆಗೆ ನೀರು ತರುವ ಹಳ್ಳಗಳು ಹುಟ್ಟುವುದು ಆ ಬೆಟ್ಟಗಳಲ್ಲಿ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟದಲ್ಲಿ ಆರು ಜನ ಸತ್ತಾಗ ಕಲ್ಲುಗಣಿಯ ನಿಜವಾದ ಬೆಲೆಯ ಒಂದು ಭಾಗ ಮಾತ್ರ ಬೆಳಕಿಗೆ ಬಂತು.

ಹೋದ ನೀರಿನ ಬದಲಿಗೆ ನಗರ ಈಗ ತನ್ನ ಬಳಸಿದ ನೀರನ್ನು ಕಳಿಸುತ್ತಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿತ ನೀರನ್ನು ಕೋಲಾರದ ಮತ್ತು ಚಿಂತಾಮಣಿ ಭಾಗದ 126 ಕೆರೆಗಳಿಗೆ ಹರಿಸಲು ರೂಪುಗೊಂಡಿತು. ನೀರು ಹರಿಯತೊಡಗಿದ್ದು 2018ರಲ್ಲಿ. ಹೆಬ್ಬಾಳ–ನಾಗವಾರ ಕಣಿವೆಯದು 210 ದಶಲಕ್ಷ ಲೀಟರ್, 65 ಕೆರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದದ್ದು ಈ ನೀರು. ದಶಕಗಳ ನಂತರ ಕೆರೆ ತುಂಬಿದ್ದನ್ನು ಕಂಡ ರೈತರ ಸಂತೋಷ ನ್ಯಾಯವಾದದ್ದು. ಬತ್ತಿದ ಬಾವಿಗಳಿಗೆ ಮತ್ತೆ ನೀರು ಬಂದದ್ದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಈ ನೀರು ಎರಡನೇ ಹಂತದ ಸಂಸ್ಕರಣೆಯವರೆಗೆ ಮಾತ್ರ ಬಂದದ್ದು. ಮೂರನೇ ಹಂತ ಬೇಕೆಂದು ಜಿಲ್ಲೆಯ ನೀರಾವರಿ ಹೋರಾಟಗಾರರು ನ್ಯಾಯಾಲಯದ ಬಾಗಿಲು ತಟ್ಟಿದ್ದೂ ಉಂಟು. ವೆಚ್ಚ ಹೆಚ್ಚಾಗುತ್ತದೆ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ವೆಚ್ಚ ಹೆಚ್ಚಾಗುವುದಿಲ್ಲ, ಸ್ಥಳ ಬದಲಾಯಿಸುತ್ತದೆ ಅಷ್ಟೆ. ಸಂಸ್ಕರಣಾ ಘಟಕದಲ್ಲಿ ಖರ್ಚಾಗದೆ ಉಳಿದ ಹಣವನ್ನು ಮುಂದೆ ಮಣ್ಣಿನಲ್ಲಿ, ಅಂತರ್ಜಲದಲ್ಲಿ, ಆಸ್ಪತ್ರೆಯಲ್ಲಿ ಗ್ರಾಮೀಣರು ತೆರಬೇಕಾಗಬಹುದು. ಈ ವಿಷಯದಲ್ಲಿ ನೆಲದ ಕಾನೂನು ಸ್ಪಷ್ಟವಿದೆ. ಮಲಿನಗೊಳಿಸಿದವನೇ ತೆರಬೇಕೆಂಬ ತತ್ತ್ವವನ್ನೂ ಮುನ್ನೆಚ್ಚರಿಕೆಯ ತತ್ತ್ವವನ್ನೂ ಸುಪ್ರೀಂ ಕೋರ್ಟ್ ಈ ದೇಶದ ಕಾನೂನಿನ ಭಾಗವೆಂದು ಸಾರಿದ್ದು 1996ರ ವೆಲ್ಲೂರು ಪ್ರಕರಣದಲ್ಲಿ. ಅದು ಚರ್ಮ ಹದ ಮಾಡುವ ಕಾರ್ಖಾನೆಗಳು ಪಾಲಾರ್ ನದಿಯನ್ನು ಕೆಡಿಸಿದ ಪ್ರಕರಣ. ನಮ್ಮ ಸೀಮೆಯಲ್ಲಿ ಹುಟ್ಟಿದ ನದಿಯ ಕೆಳದಂಡೆಯವರಿಗೆ ಸಿಕ್ಕ ನ್ಯಾಯ ಅದರ ಮೇಲ್ದಂಡೆಯವರಿಗೂ ಸಿಗಬೇಕು. ಮೂರನೇ ಹಂತದ ಖರ್ಚು ನಗರದ ನೀರಿನ ಬಿಲ್ಲಿನಲ್ಲಿ ಬರಬೇಕು.

ಪಶ್ಚಿಮಘಟ್ಟದಿಂದ ಈ ಸೀಮೆಗೆ ನೀರು ತರಲು ಹೊರಟ ಎತ್ತಿನಹೊಳೆ ಯೋಜನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 24 ಟಿ.ಎಂ.ಸಿ. ನೀರಿನ ಅಂದಾಜಿನ ಆ ಯೋಜನೆಯ ವೆಚ್ಚ ಎಂಟು ಸಾವಿರ ಕೋಟಿಯ ಆಸುಪಾಸಿನಿಂದ ಇಪ್ಪತ್ತಮೂರು ಸಾವಿರ ಕೋಟಿಯನ್ನು ದಾಟಿದೆ. ಅಷ್ಟು ನೀರು ಅಲ್ಲಿ ಸಿಗಲಾರದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಕಾರರು ಎಚ್ಚರಿಸಿದ್ದಾರೆ. ಕುಡಿಯುವ ನೀರಿಗಾಗಿ ಈ ಸೀಮೆ ನಡೆಸಿದ ಹೋರಾಟವನ್ನು ನಾನು ಗೌರವಿಸುತ್ತೇನೆ. ಆದರೆ ಪಶ್ಚಿಮಘಟ್ಟದ ಕಾಡು ಮತ್ತು ಕರಾವಳಿಯ ಮೀನುಗಾರರು ತೆರುವ ಬೆಲೆಯನ್ನು ಸೊನ್ನೆಯೆಂದು ಬರೆದುಕೊಂಡರೆ, ಬೆಂಗಳೂರು ನಮ್ಮ ವಿಷಯದಲ್ಲಿ ಮಾಡಿದ್ದನ್ನೇ ನಾವು ಅವರ ವಿಷಯದಲ್ಲಿ ಮಾಡಿದಂತಾಗುತ್ತದೆ.

ಸಭಿಕರೇ, ಹಾಗಾದರೆ ಹಣ ಎಲ್ಲಿಂದ? ಹದಿನಾಲ್ಕನೇ ಹಣಕಾಸು ಆಯೋಗ ರಾಜ್ಯಗಳ ತೆರಿಗೆ ಪಾಲಿನ ಸೂತ್ರದಲ್ಲಿ ಅರಣ್ಯಕ್ಕೆ ಶೇ 7.5ರ ತೂಕ ಕೊಟ್ಟಿತು, ಹದಿನೈದನೆಯದು ಅದನ್ನು ಶೇ 10ಕ್ಕೆ ಏರಿಸಿತು. ಕಾಡು ಉಳಿಸಿದ ರಾಜ್ಯಕ್ಕೆ ಪ್ರತಿಫಲ ಸಲ್ಲಬೇಕೆಂಬ ತತ್ತ್ವವನ್ನು ಒಕ್ಕೂಟ ಒಪ್ಪಿಕೊಂಡಿತೆಂದೇ ಇದರರ್ಥ. ಕೆರೆ ಉಳಿಸಿದ ಪಂಚಾಯತಿಗೆ ರಾಜ್ಯ ಅದೇ ತತ್ತ್ವವನ್ನು ಅನ್ವಯಿಸಬಾರದೇಕೆ? ಕೆರೆ, ಗೋಮಾಳ, ಗುಂಡುತೋಪುಗಳ ಒತ್ತುವರಿ ತೆರವಾಗಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದೆ; ತೆರವಾದ ಜಾಗವನ್ನು ಕಾಯುವವನಿಗೂ ಸಂಬಳ ಬೇಕು. ಕಲ್ಲುಗಣಿಯ ರಾಜಧನದ ಜೊತೆ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ, ಎ.ಪಿ.ಎಂ.ಸಿ. ಮತ್ತು ಗೂಡಿನ ಮಾರುಕಟ್ಟೆಗಳ ಶುಲ್ಕದಲ್ಲೊಂದು ಸಣ್ಣ ಪಾಲು, ನಗರದ ನೀರಿನ ಬಿಲ್ಲಿನಿಂದ ಒಂದು ಅಂಶ, ಈ ಮೂರೂ ಗ್ರಾಮ ಪಂಚಾಯತಿಯ ಕೆರೆ ನಿಧಿಗೆ ನೇರವಾಗಿ ಬರಬೇಕೆಂಬುದು ನನ್ನ ಸೂಚನೆ. ಆ ನಿಧಿಯಿಂದ ಪ್ರತಿ ಕೆರೆಗೂ ಒಬ್ಬ ನೀರಗಂಟಿ. ಜಾತಿಯಿಂದ ಬಂದವನಲ್ಲ, ಗ್ರಾಮಸಭೆ ಆರಿಸಿದವನು ಅಥವಾ ಆರಿಸಿದವಳು. ರಾಜಕಾಲುವೆ, ತೂಬು, ಕೋಡಿಗಳ ಮೇಲ್ವಿಚಾರಣೆಯ ಜೊತೆಗೆ ಬೋರುಗಳ ನೀರಿನ ಮಟ್ಟವನ್ನು ಅಳೆದು ಪಂಚಾಯತಿಯ ಗೋಡೆಯ ಮೇಲೆ ಬರೆಯುವುದು ಆ ವ್ಯಕ್ತಿಯ ಕೆಲಸ.

ವಿದ್ಯುತ್ತಿನ ನೆರವಿಗೂ ಬೇರೆ ರೂಪ ಸಾಧ್ಯ. ಪಂಜಾಬ್ 2018ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಯೋಜನೆಯಲ್ಲಿ, ನಿಗದಿಯಾದ ಪಾಲಿಗಿಂತ ಕಡಿಮೆ ವಿದ್ಯುತ್ ಬಳಸಿದ ರೈತನಿಗೆ ಉಳಿಸಿದ ಪ್ರತಿ ಯೂನಿಟ್ಟಿಗೆ ಹಣ ಸಿಕ್ಕಿತು. ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳಲಿಲ್ಲ, ನೀರೆತ್ತದಿರುವುದಕ್ಕೂ ಒಂದು ಬೆಲೆ ಬಂತು. ರೈತನನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸದ ಇಂಥ ದಾರಿಗಳೇ ನಮಗೆ ಬೇಕಾದವು.

ಇಷ್ಟೆಲ್ಲ ಮಾಡಿದರೂ ಯಾರಿಗೂ ನಷ್ಟವಾಗದು ಎಂದು ಹೇಳಿದರೆ ತಮಗೆ ವಂಚಿಸಿದಂತಾಗುತ್ತದೆ. ಮರುಪೂರಣಕ್ಕೆ ತಕ್ಕಂತೆ ಬಳಕೆ ಇಳಿಯಬೇಕಾದರೆ ನೀರಾವರಿಯ ಕೆಲವು ಎಕರೆಗಳು ಹಿಂದೆ ಸರಿಯಲೇಬೇಕು. ಶಿಡ್ಲಘಟ್ಟದ ರೀಲರುಗಳಿಗೆ ಗೂಡು ಬೇಕು, ಗೂಡಿಗೆ ಸೊಪ್ಪು ಬೇಕು, ಸೊಪ್ಪಿಗೆ ನೀರು ಬೇಕು. ಬತ್ತುತ್ತಿರುವ ಬೋರಿನ ಮೇಲೆ ಸಾವಿರಾರು ಕುಟುಂಬಗಳ ಅನ್ನ ನಿಂತಿದೆ. ಒತ್ತಾಗಿ ನೆಟ್ಟ ಹಿಪ್ಪುನೇರಳೆ ತೋಟದ ಬದಲು ಗಿಡಗಳನ್ನು ದೂರ ದೂರ ನೆಟ್ಟು ಮರವಾಗಿ ಬೆಳೆಸುವ ಪದ್ಧತಿ ಈ ಸೀಮೆಯಲ್ಲಿ ಈಗಾಗಲೇ ಇದೆ. ಬೇರು ಆಳಕ್ಕೆ ಇಳಿದ ಮರ ಕಡಿಮೆ ನೀರಿನಲ್ಲಿ ಸೊಪ್ಪು ಕೊಡುತ್ತದೆ, ಬರವನ್ನು ತಾಳುತ್ತದೆ. ಆದರೆ ಮರವಾಗುವ ತನಕ ಸೊಪ್ಪು ಕಡಿಮೆ, ವರಮಾನವೂ ಕಡಿಮೆ. ಎರಡು ಎಕರೆಯ ರೈತ ಆ ಮಧ್ಯದ ವರ್ಷಗಳನ್ನು ಸ್ವಂತ ಶಕ್ತಿಯಿಂದ ದಾಟಲಾರ. ಹೊಸ ಬೋರಿಗೆ ಸಾಲ ಕೊಡಲು ಮುಂದೆ ಬರುವ ವ್ಯವಸ್ಥೆ ಈ ಎರಡು ಮೂರು ವರ್ಷಗಳ ಅಂತರವನ್ನು ತುಂಬಲು ಏಕೆ ಬರುವುದಿಲ್ಲವೆಂದು ನಾವು ರೇಷ್ಮೆ ಇಲಾಖೆಯನ್ನೂ ಸಹಕಾರಿ ಬ್ಯಾಂಕುಗಳನ್ನೂ ಕೇಳಬೇಕಾಗಿದೆ. ಕೆರೆ ನಿಧಿಯ ಮೊದಲ ರೂಪಾಯಿ ನೀರಗಂಟಿಯ ಕೂಲಿಗೆ ಹೋದರೆ, ಎರಡನೆಯದು ಈ ರೈತನಿಗೆ ಹೋಗಬೇಕು.